ಕ್ಯಾಮೆರಾ ಬ್ಯಾಗಿನಲ್ಲಿ ಇನ್ಸುಲಿನ್ ಇಡಬಹುದೇ? ಪ್ರವಾಸಕ್ಕೆ ಚೀಲ ಆರಿಸುವ ಮುನ್ನ ತಿಳಿಯಬೇಕಾದದ್ದು

ನಿಮಗೆ ಅಥವಾ ನಿಮ್ಮ ಮನೆಯ ಹಿರಿಯರಿಗೆ ಊರೂರು ಸುತ್ತಿ ಫೋಟೋ ತೆಗೆಯುವ ಹವ್ಯಾಸವಿದೆಯೇ? ಜೊತೆಗೆ ಸಕ್ಕರೆ ಕಾಯಿಲೆಯೋ ಭುಜದ ನೋವೋ ಇದೆಯೇ, ಎದೆಯಲ್ಲಿ ಪೇಸ್‌ಮೇಕರ್ ಇದೆಯೇ? ಹಾಗಿದ್ದರೆ ಕ್ಯಾಮೆರಾ ಬ್ಯಾಗ್ ಕೊಳ್ಳುವಾಗ ಅಂಗಡಿಯವರು ಕೇಳದ ಕೆಲವು ಪ್ರಶ್ನೆಗಳನ್ನು ನೀವೇ ಕೇಳಿಕೊಳ್ಳಬೇಕು.

ನನ್ನ ದೊಡ್ಡಪ್ಪನ ವಿಷಯ ಹೇಳುತ್ತೇನೆ. ದಾವಣಗೆರೆಯವರು, ನಿವೃತ್ತರು, ಹತ್ತು ವರ್ಷದಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರೆ. ಒಂದು ಏಪ್ರಿಲ್ ಕೊನೆಯಲ್ಲಿ ಗೆಳೆಯರ ಜೊತೆ ಅಹಮದಾಬಾದ್, ವಡೋದರಾ, ಸೂರತ್ ಸುತ್ತಿ ಬಂದರು. ಒಂದು ಹೆಗಲಿಗೆ ನೇತುಹಾಕುವ ಕಪ್ಪು ಬ್ಯಾಗ್, ಅದರ ಹೊರಜೇಬಿನಲ್ಲಿ ಇನ್ಸುಲಿನ್ ಪೆನ್. ಊರಿಗೆ ಬಂದ ಮೇಲೆ ನೋಡಿದರೆ ಸಕ್ಕರೆ ಮುನ್ನೂರರ ಮೇಲೆ. ಪ್ರವಾಸದಲ್ಲಿ ಸಿಹಿ ತಿಂದದ್ದೇ ಕಾರಣ ಎಂದು ಮನೆಯವರೆಲ್ಲ ಬೈದರು. ವೈದ್ಯರು ಡೋಸ್ ಹೆಚ್ಚಿಸುವ ಯೋಚನೆಯಲ್ಲಿದ್ದರು. ಅಷ್ಟರಲ್ಲಿ ನಾನು "ದೊಡ್ಡಪ್ಪಾ, ಪೆನ್ ಎಲ್ಲಿಟ್ಟಿದ್ರಿ?" ಎಂದು ಕೇಳಿದೆ. ಹೊಸ ಪೆನ್ ಬಂತು. ಡೋಸ್ ಹಳೆಯದೇ. ಮೂರು ದಿನದಲ್ಲಿ ಸಕ್ಕರೆ ಇಳಿಯಿತು.

ಹಾಳಾದ ಇನ್ಸುಲಿನ್ ಮೇಲೆ ಡೋಸ್ ಹೆಚ್ಚಿಸಿ, ಆಮೇಲೆ ಆ ಹೆಚ್ಚಿದ ಡೋಸನ್ನೇ ಹೊಸ ಪೆನ್ನಿನಿಂದ ತೆಗೆದುಕೊಂಡಿದ್ದರೆ ಸಕ್ಕರೆ ದಿಢೀರನೆ ಕುಸಿದು ಎಚ್ಚರ ತಪ್ಪುವ ಸಾಧ್ಯತೆ ಇತ್ತು. ಇದನ್ನು ಆರೈಕೆ ಮಾಡುವವರು ವಿಶೇಷವಾಗಿ ನೆನಪಿಡಿ. ಪ್ರವಾಸ ಮುಗಿದ ಮೇಲೆ ಕಾರಣವಿಲ್ಲದೆ ಸಕ್ಕರೆ ಏರಿದ್ದರೆ, ಔಷಧಿ ಎಲ್ಲಿತ್ತು ಎಂಬುದನ್ನು ವೈದ್ಯರಿಗೆ ಹೇಳಿ.

ತೆರೆಯದ ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಫ್ರಿಜ್‌ನಲ್ಲಿ ಇಡಬೇಕು. ಬಳಸುತ್ತಿರುವ ಪೆನ್ ಅಥವಾ ಬಾಟಲಿಯನ್ನು ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಹೊರಗಿಡಬಹುದು. ನಿಖರ ಅವಧಿ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆ, ಒಳಗಿನ ಚೀಟಿ ಓದಿ. ಅಹಮದಾಬಾದಿನಲ್ಲಿ 2016ರ ಮೇ 20ರಂದು 48 ಡಿಗ್ರಿ ದಾಖಲಾಗಿತ್ತು. ಅಲ್ಲಿನ ಮಹಾನಗರಪಾಲಿಕೆ 2013ರಲ್ಲೇ ಬಿಸಿಗಾಳಿ ಎದುರಿಸಲೆಂದು ಪ್ರತ್ಯೇಕ ಯೋಜನೆ ರೂಪಿಸಿತು ಎಂದರೆ ಅಲ್ಲಿನ ಬೇಸಿಗೆ ಎಂಥದ್ದೆಂದು ಊಹಿಸಬಹುದು. ಬಿಸಿಲಿಗೆ ಬಿದ್ದ ಕಪ್ಪು ಬ್ಯಾಗಿನ ಹೊರಜೇಬು, ನಿಲ್ಲಿಸಿದ ಕಾರಿನ ಸೀಟು, ಇವು ಹೊರಗಿನ ಗಾಳಿಗಿಂತಲೂ ಬಿಸಿಯಾಗುತ್ತವೆ. ಹಾಳಾದ ಇನ್ಸುಲಿನ್ ನೋಡಲು ಚೆನ್ನಾಗಿಯೇ ಕಾಣಬಹುದು, ಅದೇ ತೊಂದರೆ.

ಕ್ಯಾಮೆರಾ ಬ್ಯಾಗಿನ ಒಳಗೆ ದಪ್ಪ ಫೋಮ್ ಇರುತ್ತದಲ್ಲ, ಅದು ತಂಪು ಕಾಪಾಡುವುದಿಲ್ಲವೇ? ಈ ಪ್ರಶ್ನೆ ಅನೇಕರು ಕೇಳುತ್ತಾರೆ. ಫೋಮ್ ಪೆಟ್ಟು ತಡೆಯುತ್ತದೆ, ಶಾಖ ಒಳಗೆ ಬರುವುದನ್ನು ತುಸು ನಿಧಾನಿಸುತ್ತದೆ, ಅಷ್ಟೇ. ಒಮ್ಮೆ ಒಳಗೆ ಬಿಸಿಯಾದರೆ ಬೇಗ ತಣಿಯಲೂ ಬಿಡುವುದಿಲ್ಲ.

ನೀರಿನಲ್ಲಿ ನೆನೆಸಿ ಬಳಸುವ ತಂಪು ಪೌಚ್‌ಗಳು ಔಷಧಿ ಅಂಗಡಿಯಲ್ಲಿ ಸಿಗುತ್ತವೆ. ಕೆಲಸ ಮಾಡುವ ಬಗೆ ನಮ್ಮ ಮಣ್ಣಿನ ಹೂಜಿಯದೇ: ನೀರು ಆವಿಯಾಗುವಾಗ ಶಾಖ ಹೀರಿಕೊಂಡು ಹೋಗುತ್ತದೆ. ಅಹಮದಾಬಾದಿನ ಒಣ ಬೇಸಿಗೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಆದರೆ ಸಮುದ್ರಕ್ಕೆ ಹತ್ತಿರದ ಸೂರತ್‌ನಲ್ಲಿ, ಅದೂ ಮಳೆಗಾಲದಲ್ಲಿ, ಗಾಳಿಯಲ್ಲೇ ತೇವ ತುಂಬಿರುವಾಗ ನೀರು ಆವಿಯಾಗುವುದು ಕಡಿಮೆ, ತಂಪೂ ಕಡಿಮೆ. ಅಂಥ ಕಡೆ ಜೆಲ್ ಐಸ್ ಪ್ಯಾಕ್ ಇರುವ ಪೆಟ್ಟಿಗೆಯೇ ಮೇಲು. ಆದರೆ ಐಸ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ, ಪೆನ್ನಿಗೆ ನೇರ ತಾಗದಂತೆ ಇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಉಪಯೋಗಕ್ಕೆ ಬಾರದು.

ತಂಪು ಪೌಚ್‌ಗೆ ಗಾಳಿ ಆಡಬೇಕು, ಅದರಿಂದ ತೇವ ಹೊರಬರುತ್ತದೆ. ಲೆನ್ಸಿಗೆ ತೇವ ಆಗದು, ಒಳಗೆ ಬೂಷ್ಟು ಹಿಡಿಯುತ್ತದೆ. ಎರಡನ್ನೂ ಒಂದೇ ಅರೆಯಲ್ಲಿ ತುರುಕಿದರೆ ಔಷಧಿಗೂ ನಷ್ಟ, ಕ್ಯಾಮೆರಾಕ್ಕೂ ನಷ್ಟ. ಆದ್ದರಿಂದ ಕ್ಯಾಮೆರಾದ ಅರೆಯಿಂದ ಪೂರ್ತಿ ಬೇರ್ಪಟ್ಟ, ಬಿಸಿಲು ಬೀಳದ ಇನ್ನೊಂದು ಅರೆ ಇರುವ ಬ್ಯಾಗ್ ಹುಡುಕಿ. ಸಿಗದಿದ್ದರೆ ಔಷಧಿಗೆ ಒಂದು ಸಣ್ಣ ಚೀಲ ಬೇರೆಯೇ ಇರಲಿ. ನನ್ನ ಮತ ಕೇಳಿದರೆ ಎರಡನೆಯದೇ ಒಳ್ಳೆಯದು, ಬ್ಯಾಗ್ ಕಳೆದರೂ ಔಷಧಿ ಉಳಿಯುತ್ತದೆ.

ಅಂದಹಾಗೆ, ಮಾತ್ರೆ ಡಬ್ಬಿಯೊಳಗಿನ ಸಿಲಿಕಾ ಜೆಲ್ ಪೊಟ್ಟಣವನ್ನು ತೆಗೆದು ಕ್ಯಾಮೆರಾ ಬ್ಯಾಗಿಗೆ ಹಾಕುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಆ ಮಾತ್ರೆಗಳಿಗೆ ತೇವ ತಾಗಬಾರದೆಂದೇ ಅದನ್ನು ಇಟ್ಟಿರುತ್ತಾರೆ. ಕ್ಯಾಮೆರಾಕ್ಕೆ ಬೇರೆ ಪೊಟ್ಟಣ ಕೊಳ್ಳಿ.

ಇನ್ನು ಹೊರುವ ಮಾತು. ಶಾಲಾ ಮಕ್ಕಳ ಚೀಲ ದೇಹತೂಕದ ಶೇಕಡ 10ನ್ನು ಮೀರಬಾರದೆಂದು 2020ರ ಶಾಲಾ ಚೀಲ ನೀತಿ ಹೇಳುತ್ತದೆ. ಬೆನ್ನು ನೋವಿರುವ ದೊಡ್ಡವರೂ ಆ ಲೆಕ್ಕದಿಂದಲೇ ಶುರುಮಾಡಬಹುದು. 60 ಕೆಜಿ ತೂಗುವವರಿಗೆ 6 ಕೆಜಿ ಆಯಿತು. ದೊಡ್ಡ ಕ್ಯಾಮೆರಾ, ಎರಡು ಒಳ್ಳೆಯ ಝೂಮ್ ಲೆನ್ಸ್ ಸೇರಿದರೆ ಮೂರು ಕೆಜಿ ದಾಟುತ್ತದೆ. ಖಾಲಿ ಬ್ಯಾಗೇ ಒಂದೂವರೆ ಕೆಜಿ ಇದ್ದೀತು. ಒಂದು ಲೀಟರ್ ನೀರು ಒಂದು ಕೆಜಿ, ಆ ಬಿಸಿಲಲ್ಲಿ ನೀರನ್ನಂತೂ ಬಿಡುವಂತಿಲ್ಲ. ಬಿಡಬಹುದಾದದ್ದು ಎರಡನೆಯ ಲೆನ್ಸ್.

ಒಂದೇ ಹೆಗಲಿನ ಬ್ಯಾಗ್ ಅಲ್ಪ ಹೊತ್ತಿಗೆ ಸರಿ. ದಿನವಿಡೀ ತಿರುಗಾಟಕ್ಕೆ ಎರಡು ಅಗಲ ಪಟ್ಟಿಗಳ ಬ್ಯಾಕ್‌ಪ್ಯಾಕ್ ಬೇಕು, ಸೊಂಟದ ಪಟ್ಟಿ ಇದ್ದರೆ ಭಾರ ಭುಜದಿಂದ ಸೊಂಟಕ್ಕೆ ಇಳಿಯುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಭುಜ ಬಿಗಿದುಕೊಳ್ಳುವ ತೊಂದರೆ ಹೆಚ್ಚು. ಅವರು ಕೈಯನ್ನು ಹಿಂದಕ್ಕೆ ತಿರುಚದೆ ಹಾಕಿ ತೆಗೆಯಲು ಬರುವ ಬ್ಯಾಗನ್ನೇ ಆರಿಸಲಿ. ಕೈ ಜೋಮು ಹಿಡಿದರೆ, ಚುಮುಚುಮು ಎಂದರೆ ಪಟ್ಟಿ ನರವನ್ನು ಒತ್ತುತ್ತಿದೆ ಎಂದು ತಿಳಿದು ಕೂಡಲೇ ಕೆಳಗಿಳಿಸಿ. ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು, ಹರ್ನಿಯಾ ಇರುವವರು ಸೊಂಟದ ಪಟ್ಟಿ ಬಿಗಿಯುವ ಮುನ್ನ ವೈದ್ಯರನ್ನು ಕೇಳಿ. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗಂಟುಗಳನ್ನು ತೆಗೆದಿದ್ದರೆ ಆ ಕಡೆಯ ಹೆಗಲಿಗೆ ಭಾರ ಬೇಡ.

ಪೇಸ್‌ಮೇಕರ್ ಇರುವವರು ಇನ್ನೊಂದನ್ನು ಗಮನಿಸಿ. ಈಗಿನ ಕೆಲವು ಕ್ಯಾಮೆರಾ ಬ್ಯಾಗ್‌ಗಳಲ್ಲಿ ಅಯಸ್ಕಾಂತದ ಬಕಲ್ ಬರುತ್ತದೆ, ಟಪ್ ಎಂದು ತಾನೇ ಅಂಟಿಕೊಳ್ಳುವಂಥದ್ದು. ಅಯಸ್ಕಾಂತ ಪೇಸ್‌ಮೇಕರ್‌ನಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇರಬೇಕು. ಎದೆ ಪಟ್ಟಿಯಲ್ಲಿ ಅಂಥ ಬಕಲ್ ಇದ್ದರೆ ಆ ಬ್ಯಾಗ್ ನಿಮಗಲ್ಲ, ಎಷ್ಟೇ ಚೆನ್ನಾಗಿರಲಿ.

ಅಹಮದಾಬಾದಿನ ಬಳಿಯ ಅಡಾಲಜ್ ಬಾವಿಗೆ ಹೋದರೆ ಐದು ಅಂತಸ್ತು ಮೆಟ್ಟಿಲಿಳಿಯಬೇಕು. ವಡೋದರಾದಿಂದ ಸುಮಾರು 50 ಕಿಲೋಮೀಟರ್ ದೂರದ ಚಂಪಾನೇರ್-ಪಾವಾಗಢದಲ್ಲೂ ಏರಿಳಿತವೇ. ಬ್ಯಾಗನ್ನು ಎದೆಯ ಮುಂದೆ ತಂದುಕೊಂಡು ಮೆಟ್ಟಿಲಿಳಿದರೆ ನಿಮ್ಮ ಕಾಲೇ ನಿಮಗೆ ಕಾಣುವುದಿಲ್ಲ. ಪಾದದ ಸ್ಪರ್ಶ ಕಡಿಮೆಯಾದ ಮಧುಮೇಹಿಗಳಿಗೆ ಇದು ಅಪಾಯ. ಇಳಿಯುವಾಗ ಬ್ಯಾಗ್ ಬೆನ್ನಿಗಿರಲಿ, ಕೈ ಖಾಲಿ ಇರಲಿ.

ಬಾಳಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಟ್ಟೆಯ ಚೀಟಿಯಲ್ಲಿ ಡೆನಿಯರ್ ಎಂಬ ಅಂಕಿ ಇರುತ್ತದೆ, ಕೃತಕ ನೂಲಿನ ಬಟ್ಟೆಗೆ ಹೆಸರಾದ ಸೂರತ್‌ನಲ್ಲಿ ದಿನಬಳಕೆಯ ಮಾತು ಅದು. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಡೆನಿಯರ್. ಅಂಕಿ ಹೆಚ್ಚಿದ್ದರೆ ನೂಲು ದಪ್ಪ, ಆದರೆ ಬ್ಯಾಗೂ ಭಾರ. ಬ್ಯಾಗ್ ಹೆಚ್ಚಾಗಿ ಕೈಕೊಡುವುದು ಜಿಪ್ ಮತ್ತು ಪಟ್ಟಿಯ ಹೊಲಿಗೆಯಲ್ಲಿ, ಅವನ್ನು ಎಳೆದು ನೋಡಿ. ಹಾಗೆಯೇ ಖಾಲಿ ಬ್ಯಾಗ್ ಹಾಕಿಕೊಂಡು ಕನ್ನಡಿ ನೋಡಿದರೆ ಏನೂ ತಿಳಿಯದು. ನಿಮ್ಮ ಸಾಮಾನನ್ನೇ ಅಂಗಡಿಗೆ ಒಯ್ಯಿರಿ, ಇಲ್ಲವೇ ಮನೆಯಲ್ಲಿ ಅಷ್ಟೇ ತೂಕದ ಅಕ್ಕಿ ಪೊಟ್ಟಣ ತುಂಬಿ 20 ನಿಮಿಷ ಓಡಾಡಿ, ಎರಡು ಮಹಡಿ ಹತ್ತಿ ಇಳಿಯಿರಿ. ವಾಪಸು ತೆಗೆದುಕೊಳ್ಳುತ್ತಾರೋ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ವಿಮಾನದಲ್ಲಿ ಹೋಗುವುದಾದರೆ ಇನ್ಸುಲಿನ್ ಮತ್ತು ಕ್ಯಾಮೆರಾದ ಬಿಡಿ ಬ್ಯಾಟರಿ ಎರಡೂ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕಬೇಡಿ. ವೈದ್ಯರ ಚೀಟಿ ಜೊತೆಗಿರಲಿ. ಹೋಟೆಲಿನ ಸಣ್ಣ ಫ್ರಿಜ್‌ನಲ್ಲಿ ಪೆನ್ ಇಡುವಾಗ ಮಂಜುಗಟ್ಟುವ ಭಾಗಕ್ಕೆ ತಾಗದಂತೆ ನೋಡಿಕೊಳ್ಳಿ. ಹೊರಡುವಾಗ ಅದನ್ನು ಅಲ್ಲೇ ಮರೆಯುವವರು ಬಹಳ, ಹಾಗಾಗಿ ರಾತ್ರಿ ಕ್ಯಾಮೆರಾವನ್ನು ಫ್ರಿಜ್ ಮೇಲೆಯೇ ಇಟ್ಟು ಮಲಗಿ. ಕ್ಯಾಮೆರಾ ಮರೆತು ಬಂದ ಫೋಟೋ ಹುಚ್ಚಿನವರನ್ನು ನಾನಂತೂ ಕಂಡಿಲ್ಲ.