ಗಾಡಿ ಹೊಸತು, ಕಾಯುವುದು ಹಳತು

ಮುಂಬೈಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ನಿಮಿಷದ ಬೆಲೆ ಕಲಿಸಿದ್ದು ಶಾಲೆಯ ಟೀಚರ್ ಅಲ್ಲ, ಲೋಕಲ್ ಗಾಡಿ. ಊರಿನಲ್ಲಿ 'ಎಂಟು ಗಂಟೆಯ ಬಸ್ಸು' ಎಂದರೆ ಅದು ಎಂಟೂಕಾಲಕ್ಕೂ ಬರಬಹುದು, ಎಂಟೂವರೆಗೂ ಬರಬಹುದು. ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ಹಾಗಲ್ಲ. ಇಲ್ಲಿ ಗಾಡಿಗೆ ನಿಮಿಷವೇ ಹೆಸರು. 'ಏಳು ಐವತ್ತೆರಡರ ಫಾಸ್ಟ್', 'ಎಂಟು ಹದಿನಾಲ್ಕರ ಡೊಂಬಿವಲಿ' ಎಂದೇ ನಾವು ಹೇಳುವುದು. ಹೆಸರಿನಲ್ಲೇ ನಿಮಿಷವನ್ನು ಹೊತ್ತ ಗಾಡಿ ಆ ನಿಮಿಷಕ್ಕೆ ಬಾರದೆ ಹೋದರೆ ಅದನ್ನು ಯಾವ ಹೆಸರಿನಿಂದ ಕರೆಯೋಣ?

ನಮ್ಮ ಸಂಘದ ಯುವ ವಿಭಾಗದ ಮಕ್ಕಳು ನಾಟಕದ ರಿಹರ್ಸಲ್‌ಗೆ ಬರುವಾಗ ಮೊದಲು ಹೇಳುವ ಮಾತು ನಮಸ್ಕಾರ ಅಲ್ಲ, "ಸಾರಿ ಆಂಟಿ, ಗಾಡಿ ಲೇಟ್" ಎಂಬುದು. ಹಿಂದೆ ನಾವು ಇದನ್ನು ನೆವ ಎಂದುಕೊಳ್ಳುತ್ತಿದ್ದೆವು. ಈಗ ಯಾರೂ ಹಾಗೆ ಹೇಳುವುದಿಲ್ಲ. ಆದ್ದರಿಂದ ಈ ಸಲ ಹಬ್ಬ ಹರಿದಿನಗಳ ವಿಷಯ ಬಿಟ್ಟು, ನಿಮ್ಮ ದಿನದ ಎರಡು ಮೂರು ಗಂಟೆಯನ್ನು ನುಂಗುವ ಈ ಲೋಕಲ್ ಗಾಡಿಯ ಬಗ್ಗೆಯೇ ನಾಲ್ಕು ಮಾತು ಬರೆಯೋಣ ಎನಿಸಿತು. ಕನ್ನಡ ಓದುವಾಗ ನಿಮ್ಮಲ್ಲಿ ಕೆಲವರು ಸ್ವಲ್ಪ ತಡವರಿಸಬಹುದು. ಆದರೆ ವಿಷಯ ಮಾತ್ರ ನಿಮಗೆ ಬಾಯಿಪಾಠ.

ಏನೂ ಆಗಿಲ್ಲವೇ?

ರೈಲ್ವೆಯವರು ಏನೂ ಮಾಡಿಲ್ಲ ಎಂದರೆ ಅದು ಅನ್ಯಾಯದ ಮಾತಾದೀತು. ದೇಶದ ಮೊದಲ ಪ್ರಯಾಣಿಕರ ರೈಲು 1853ರ ಎಪ್ರಿಲ್ 16ರಂದು ಓಡಿದ್ದು ನಮ್ಮದೇ ಬೋರಿಬಂದರಿನಿಂದ ಥಾಣೆಗೆ. ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಓಡಿದ್ದು ಇಲ್ಲಿಯೇ, ವಿ.ಟಿ.ಯಿಂದ ಕುರ್ಲಾಕ್ಕೆ. ಆ ಮೇಲೂ ಕೆಲಸ ನಿಂತಿಲ್ಲ. ಮುಂಬೈಯ ರೈಲು ಯೋಜನೆಗಳಿಗಾಗಿಯೇ ಕೇಂದ್ರ ಮತ್ತು ರಾಜ್ಯ ಸೇರಿ 1999ರಲ್ಲಿ ಪ್ರತ್ಯೇಕ ನಿಗಮವೊಂದನ್ನು ಸ್ಥಾಪಿಸಿದವು. 15 ಡಬ್ಬಿಯ ಗಾಡಿ ಪಶ್ಚಿಮ ರೈಲ್ವೆಯಲ್ಲಿ 2009ರಲ್ಲಿ, ಮಧ್ಯ ರೈಲ್ವೆಯಲ್ಲಿ 2012ರಲ್ಲಿ ಬಂತು. ಮೇಲಿನ ತಂತಿಯಲ್ಲಿ ಹರಿಯುವ 1,500 ವೋಲ್ಟಿನ ಹಳೆಯ ವಿದ್ಯುತ್ತನ್ನು 25,000 ವೋಲ್ಟಿಗೆ ಬದಲಿಸುವ ಭಾರಿ ಕೆಲಸ 2016ರಲ್ಲಿ ಹಾರ್ಬರ್ ಲೈನಿನೊಂದಿಗೆ ಮುಗಿಯಿತು. 2017ರ ಕ್ರಿಸ್ಮಸ್ ದಿನ ಪಶ್ಚಿಮ ರೈಲ್ವೆಯಲ್ಲಿ ಮೊದಲ ಎ.ಸಿ. ಲೋಕಲ್ ಓಡಿತು. ಎಸ್ಕಲೇಟರ್, ಲಿಫ್ಟ್, ಹೊಳೆಯುವ ಇಂಡಿಕೇಟರ್ ಎಲ್ಲವೂ ಕಣ್ಣೆದುರಿಗಿವೆ.

ಹಾಗಾದರೆ ಪ್ಲಾಟ್‌ಫಾರ್ಮಿನಲ್ಲಿ ನಿಂತವನ ಮುಖ ಇನ್ನೂ ಯಾಕೆ ಗಂಟಿಕ್ಕಿಕೊಂಡಿದೆ? ನನ್ನ ಉತ್ತರ ಸರಳ. ನಮಗೆ ಕೊಟ್ಟಿರುವುದು ಸೌಕರ್ಯ. ನಾವು ಕೇಳುತ್ತಿರುವುದು ಭರವಸೆ. ಇವೆರಡೂ ಒಂದೇ ಅಲ್ಲ.

ಪಂಕ್ತಿ ಏಳದೆ ಪಂಕ್ತಿ ಕೂರದು

ಒಂದು ಗಾಡಿ ಹತ್ತು ನಿಮಿಷ ತಡವಾದರೆ ಇಡೀ ಬೆಳಗು ಯಾಕೆ ಹಾಳಾಗುತ್ತದೆ ಎಂದು ನೀವು ಕೇಳಬಹುದು. ನಮ್ಮ ಊರಿನ ದೇವಸ್ಥಾನದ ಸಂತರ್ಪಣೆ ನೆನಪಿಸಿಕೊಳ್ಳಿ. ಮೊದಲ ಪಂಕ್ತಿಯಲ್ಲಿ ಯಾರೋ ಒಬ್ಬರು ಪಾಯಸಕ್ಕಾಗಿ ಕಾದು ಕುಳಿತರೆ ಎಲೆ ತೆಗೆಯುವಂತಿಲ್ಲ, ಎಲೆ ತೆಗೆಯದೆ ಎರಡನೇ ಪಂಕ್ತಿ ಕೂರುವಂತಿಲ್ಲ. ಮೂರನೇ ಪಂಕ್ತಿಯವರು ಬಾಗಿಲಲ್ಲೇ ನೂಕುನುಗ್ಗಲು. ಲೋಕಲ್ ಕೂಡ ಹಾಗೆಯೇ. ಮಧ್ಯ ಮತ್ತು ಪಶ್ಚಿಮ ರೈಲ್ವೆ ಸೇರಿ ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ಲೋಕಲ್ ಓಡಿಸುತ್ತವೆ. ಬೆಳಗಿನ ಹೊತ್ತು ಒಂದೇ ಹಳಿಯ ಮೇಲೆ ಮೂರು ನಾಲ್ಕು ನಿಮಿಷಕ್ಕೊಂದು ಗಾಡಿ. ಮುಂದಿನದು ಹತ್ತು ನಿಮಿಷ ನಿಂತರೆ ಹಿಂದೆ ಮೂರು ಗಾಡಿ ಸಿಗ್ನಲ್ ನೋಡುತ್ತಾ ನಿಲ್ಲುತ್ತವೆ. ಆ ಮೂರು ಗಾಡಿಗಳಲ್ಲಿ ಇರುವವರು ಎಷ್ಟು ಸಾವಿರ ಎಂದು ನೀವೇ ಲೆಕ್ಕ ಹಾಕಿ.

ಮೊದಲ ಗಾಡಿ ನಿಲ್ಲುವುದಕ್ಕೆ ಕಾರಣಗಳು ಹಲವು. ಸಿಗ್ನಲ್ ಕೆಡುತ್ತದೆ. ತಂತಿ ಹರಿಯುತ್ತದೆ. ಗಾಡಿಯ ತಲೆಯ ಮೇಲಿರುವ ಪ್ಯಾಂಟೋಗ್ರಾಫ್ ಆ ತಂತಿಗೆ ಸಿಕ್ಕಿಕೊಳ್ಳುತ್ತದೆ. ಚಳಿಗಾಲದಲ್ಲಿ ಹಳಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಕುರ್ಲಾ–ಸಾಯನ್ ಕಡೆ ಹಳಿಯ ಮೇಲೆ ನೀರು ನಿಲ್ಲುತ್ತದೆ. ಯಾರೋ ಸೇತುವೆ ಹತ್ತಲು ಬೇಸರಪಟ್ಟು ಹಳಿ ದಾಟುತ್ತಾರೆ. ಇವೆಲ್ಲಕ್ಕಿಂತ ದೊಡ್ಡ ಕಾರಣ ಜಾಗದ ಅಭಾವ. ಲೋಕಲ್ ಓಡುವ ಹಳಿಯಲ್ಲೇ ದೂರದೂರಿನ ಎಕ್ಸ್‌ಪ್ರೆಸ್ ಗಾಡಿಗಳೂ ಓಡಬೇಕು.

ಇಲ್ಲಿ ನಮ್ಮದೂ ಒಂದು ಪಾತ್ರವಿದೆ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದಾಗ ಕರಾವಳಿಯವರಾದ ನಾವೆಲ್ಲ ಹಬ್ಬದಂತೆ ಸಂಭ್ರಮಪಟ್ಟೆವು. ಬಸ್ಸಿನಲ್ಲಿ ಮೈಕೈ ನೋಯಿಸಿಕೊಂಡು ಉಡುಪಿ, ಮಂಗಳೂರಿಗೆ ಹೋಗುವ ಕಷ್ಟ ತಪ್ಪಿತು. ಆದರೆ ಕುರ್ಲಾದಿಂದ ಹೊರಡುವ ಮತ್ಸ್ಯಗಂಧಾ ಥಾಣೆ ದಾಟಿ ದಿವಾದಲ್ಲಿ ಪನ್ವೇಲ್ ಕಡೆಗೆ ತಿರುಗಬೇಕು. ಥಾಣೆಗೂ ದಿವಾಕ್ಕೂ ನಡುವೆ ಬಹಳ ಕಾಲ ನಾಲ್ಕೇ ಹಳಿ ಇದ್ದುದರಿಂದ ಊರಿನ ಗಾಡಿಯೂ ಆಫೀಸಿನ ಫಾಸ್ಟ್ ಲೋಕಲ್ಲೂ ಒಂದೇ ಹಳಿಯನ್ನು ಹಂಚಿಕೊಳ್ಳಬೇಕಾಗಿತ್ತು. ಅಲ್ಲಿಗೆ ಐದು ಮತ್ತು ಆರನೆಯ ಹಳಿಗಳು ಬೇಕೆಂದು 2008ರ ಸುಮಾರಿಗೇ ಮಂಜೂರಾಯಿತು. ಹಳಿ ಲೋಕಾರ್ಪಣೆ ಆದದ್ದು 2022ರ ಫೆಬ್ರವರಿಯಲ್ಲಿ! ಮಂಜೂರಾದ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಗು ಹಳಿ ಬರುವಾಗ ಕಾಲೇಜಿನ ಪಾಸ್ ಮಾಡಿಸಿಕೊಂಡಿತ್ತು. ಕುರ್ಲಾದಿಂದ ಸಿ.ಎಸ್.ಎಂ.ಟಿ. ವರೆಗಿನ ಐದು–ಆರನೆಯ ಹಳಿ ಇನ್ನೂ ಪೂರ್ತಿಯಾಗಿಲ್ಲ.

ಜುಟ್ಟಿಗೆ ಮಲ್ಲಿಗೆ

'ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು' ಎಂಬ ಗಾದೆಯನ್ನು ನಿಮ್ಮ ಅಜ್ಜಿಯ ಬಾಯಲ್ಲಿ ಕೇಳಿರಬಹುದು. ಎ.ಸಿ. ಲೋಕಲ್ಲಿನ ಕಥೆ ಸ್ವಲ್ಪ ಹಾಗೆಯೇ ಆಯಿತು. ಎ.ಸಿ. ಬೇಡ ಎಂದು ಯಾರು ಹೇಳುತ್ತಾರೆ? ಮೇ ತಿಂಗಳ ಸೆಕೆಯಲ್ಲಿ ಅದು ಸ್ವರ್ಗ. ಬಾಗಿಲು ಮುಚ್ಚುವುದರಿಂದ ಜೀವಕ್ಕೂ ಕ್ಷೇಮ. 2022ರ ಮೇ ತಿಂಗಳಲ್ಲಿ ಅದರ ಬಿಡಿ ಟಿಕೆಟಿನ ದರವನ್ನು ಸುಮಾರು ಅರ್ಧಕ್ಕೆ ಇಳಿಸಿದಾಗ ಜನ ಹತ್ತಿದರು ಕೂಡ. ಆದರೆ ಹಳಿಯಲ್ಲಿ ಹೊಸ ಗಾಡಿಗೆ ಜಾಗವೇ ಇಲ್ಲದಿದ್ದಾಗ ಎ.ಸಿ. ಗಾಡಿ ಬರುವುದು ಹೇಗೆ? ಸಾದಾ ಗಾಡಿಯೊಂದನ್ನು ತೆಗೆದು ಅದರ ಹೊತ್ತಿಗೆ ಇದನ್ನು ಓಡಿಸಬೇಕು. ಆಗ ಆ ಸಾದಾ ಗಾಡಿಯವರೆಲ್ಲ ಮುಂದಿನ ಸಾದಾ ಗಾಡಿಗೆ ನುಗ್ಗುತ್ತಾರೆ. ಅದರಲ್ಲಿ ಮೊದಲೇ ಕಾಲಿಡಲು ಜಾಗವಿಲ್ಲ.

2022ರ ಆಗಸ್ಟಿನಲ್ಲಿ ಮಧ್ಯ ರೈಲ್ವೆಯಲ್ಲಿ ಹೀಗೆ ಹತ್ತು ಎ.ಸಿ. ಸೇವೆಗಳನ್ನು ಹೆಚ್ಚಿಸಿದಾಗ ಕಳ್ವಾ, ಬದ್ಲಾಪುರಗಳಲ್ಲಿ ಪ್ರಯಾಣಿಕರು ಪ್ರತಿಭಟಿಸಿದರು. ಕೆಲವೇ ದಿನಗಳಲ್ಲಿ ಆ ಹತ್ತನ್ನೂ ಹಿಂದಕ್ಕೆ ಪಡೆಯಬೇಕಾಯಿತು. ಅವರ ಸಿಟ್ಟು ತಂಪು ಗಾಳಿಯ ಮೇಲಲ್ಲ, ತಮ್ಮ ಹೊತ್ತಿನ ಗಾಡಿ ಕೈತಪ್ಪಿದ್ದರ ಮೇಲೆ. ಈ ವ್ಯತ್ಯಾಸವನ್ನು ಮೇಲಿನವರು ಅರಿತುಕೊಂಡರೆ ಅರ್ಧ ಸಮಸ್ಯೆ ಬಗೆಹರಿದಂತೆ.

ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳು. 'ಪಂಕ್ಚುಯಲ್' ಎಂಬ ಶಬ್ದ ಲ್ಯಾಟಿನ್ನಿನ 'ಪಂಕ್ಟಮ್'ನಿಂದ ಬಂದದ್ದು. ಅದರ ಅರ್ಥ ಬಿಂದು, ಚುಕ್ಕೆ. ರಂಗೋಲಿ ಹಾಕುವವರಿಗೆ ಚುಕ್ಕೆಯ ಮಹತ್ವ ಹೇಳಬೇಕಾಗಿಲ್ಲ. ಒಂದು ಚುಕ್ಕೆ ಆಚೀಚೆ ಆದರೆ ಎಳೆಗಳೆಲ್ಲ ತಪ್ಪುತ್ತವೆ. ಕಲ್ಯಾಣದಲ್ಲಿ ಒಂದು ಗಾಡಿ ತಪ್ಪಿದರೆ ದಾದರಿನಲ್ಲಿ ಬದಲಿಸಬೇಕಾದ ಗಾಡಿ ತಪ್ಪುತ್ತದೆ, ಅಂಧೇರಿಯಲ್ಲಿ ಮಸ್ಟರ್ ತಪ್ಪುತ್ತದೆ, ತಿಂಗಳ ಕೊನೆಗೆ ಅರ್ಧ ದಿನದ ಸಂಬಳ ತಪ್ಪುತ್ತದೆ.

ಹೆಣ್ಣುಮಕ್ಕಳಿಗೆ ಈ ರಂಗೋಲಿ ಇನ್ನೂ ದೊಡ್ಡದು. ಅವರ ಚುಕ್ಕೆಗಳು ಬೆಳಿಗ್ಗೆ ಐದಕ್ಕೆ ನಲ್ಲಿಯಲ್ಲಿ ನೀರು ಬರುವಲ್ಲಿಂದಲೇ ಸುರುವಾಗುತ್ತವೆ. ಲೇಡೀಸ್ ಡಬ್ಬಿಯಲ್ಲಿ ಸಂಜೆ ಬಟಾಣಿ ಸುಲಿಯುವವರನ್ನು, ಸೊಪ್ಪು ಬಿಡಿಸುವವರನ್ನು ನೋಡಿ ಹೊರಗಿನವರು ಚೆಂದ ಎನ್ನುತ್ತಾರೆ. ಅದು ಚೆಂದಕ್ಕಾಗಿ ಅಲ್ಲ, ಗಾಡಿ ಕಸಿದ ಹೊತ್ತನ್ನು ಗಾಡಿಯಲ್ಲೇ ವಸೂಲು ಮಾಡುವ ಉಪಾಯ. ಏಳು ಗಂಟೆಗೆ ಮುಚ್ಚುವ ಪಾಳಣಾಘರ್‌ನಲ್ಲಿ ಮಗುವನ್ನು ಬಿಟ್ಟ ತಾಯಿಗೆ ಇಪ್ಪತ್ತು ನಿಮಿಷ ಎಂದರೆ ಎಷ್ಟೆಂದು ಯಾವ ಇಂಡಿಕೇಟರೂ ತೋರಿಸಲಾರದು.

ಬಾಗಿಲಲ್ಲಿ ನಿಂತ ಮಕ್ಕಳಿಗೆ

ಈಗ ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತಿಗೆ ಬರುತ್ತೇನೆ. ತಡವಾದ ಗಾಡಿಯ ನಿಜವಾದ ಅಪಾಯ ಹೊತ್ತು ಹೋಗುವುದಲ್ಲ. ಒಂದು ಗಾಡಿ ರದ್ದಾದಾಗ ಎರಡು ಗಾಡಿಯ ಜನ ಒಂದರಲ್ಲಿ ಹತ್ತುತ್ತಾರೆ. ರೈಲ್ವೆಯ ಭಾಷೆಯಲ್ಲಿ ಇಲ್ಲಿನ ದಟ್ಟಣೆಗೆ ಬೇರೆಯೇ ಹೆಸರಿದೆ: 'ಸೂಪರ್ ಡೆನ್ಸ್ ಕ್ರಶ್ ಲೋಡ್'. ಎಂದರೆ ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಮಂದಿ. ನಿಮ್ಮ ಮನೆಯ ಊಟದ ಮೇಜಿನಷ್ಟು ಜಾಗದಲ್ಲಿ ಅಷ್ಟು ಜನರನ್ನು ನಿಲ್ಲಿಸಿ ನೋಡಿ. ಒಳಗೆ ಜಾಗವಿಲ್ಲದವನು ಬಾಗಿಲಿಗೆ ಜೋತುಬೀಳುತ್ತಾನೆ.

2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ಹತ್ತಿರ ತಿರುವಿನಲ್ಲಿ ಎದುರುಬದುರಾಗಿ ಹಾದುಹೋದ ಎರಡು ಲೋಕಲ್‌ಗಳ ಬಾಗಿಲಿಗೆ ಜೋತುಬಿದ್ದಿದ್ದವರು ಹಳಿಯ ಮೇಲೆ ಬಿದ್ದರು. ಅಂದೇ ನಾಲ್ವರು ತೀರಿಕೊಂಡರು. ಅವರಲ್ಲಿ ನಿಮ್ಮ ಪ್ರಾಯದವರೂ ಇದ್ದರು. ಹೊಸ ಗಾಡಿಗಳಿಗೆ ತಾನಾಗಿ ಮುಚ್ಚುವ ಬಾಗಿಲು ಇಡುವುದಾಗಿ ರೈಲ್ವೆಯವರು ಅಂದೇ ಹೇಳಿದರು. ಒಳ್ಳೆಯದೇ. ಆದರೆ ಮುಂಬೈ ಲೋಕಲ್ ಹಳಿಗಳಲ್ಲಿ 2023ರ ಒಂದೇ ವರ್ಷದಲ್ಲಿ 2,590 ಮಂದಿ ಸತ್ತರೆಂಬ ಅಂಕಿ 2024ರ ಜೂನ್‌ನಲ್ಲೇ ಬಾಂಬೆ ಹೈಕೋರ್ಟಿನ ಮುಂದೆ ಬಂದಿತ್ತು. ಹಳಿ ದಾಟುವಾಗ ಸತ್ತವರು, ಗಾಡಿಯಿಂದ ಬಿದ್ದವರು ಎಲ್ಲ ಸೇರಿ ದಿನಕ್ಕೆ ಏಳು ಮಂದಿ. ಬೇರೆ ಯಾವ ಕಡೆಯಲ್ಲಾದರೂ ದಿನಕ್ಕೆ ಏಳು ಜನ ಸಾಯುತ್ತಿದ್ದರೆ ನಾವು ಅದನ್ನು 'ಇದೆಲ್ಲ ಇದ್ದದ್ದೇ' ಎಂದು ಬಿಡುತ್ತಿದ್ದೆವೇ?

ನಿಮ್ಮಲ್ಲಿ ಕೆಲವರಿಗೆ ಬಾಗಿಲಲ್ಲಿ ನಿಲ್ಲುವುದು ಷೋಕಿ. ಅಂಥವರಿಗೆ ಅಮ್ಮಂದಿರು ಬೈಯುವಷ್ಟು ಬೈದಿದ್ದಾರೆ, ನಾನು ಬೇರೆ ಬೈಯುವುದಿಲ್ಲ. ನಾನು ಹೇಳುವುದು ಷೋಕಿಗಲ್ಲದೆ, ಲೇಟ್ ಮಾರ್ಕಿನ ಹೆದರಿಕೆಯಿಂದ ಜೋತುಬೀಳುವ ಮಕ್ಕಳಿಗೆ. ಮೂರು ಲೇಟ್ ಮಾರ್ಕಿಗೆ ಒಂದು ರಜೆ ಕಡಿತವಾದರೆ ಆಗಲಿ. ಆ ಗಾಡಿ ಬಿಟ್ಟುಬಿಡಿ. ಮುಂದಿನದೂ ತುಂಬಿದ್ದರೆ ಅದನ್ನೂ ಬಿಡಿ. ಸಂಬಳ ಕಡಿಮೆಯಾದರೆ ಮನೆಯಲ್ಲಿ ಸಾರಿಗೆ ಇನ್ನೊಂದು ಲೋಟ ನೀರು ಹೊಯ್ದೇವು. ನೀವು ಬಾರದಿದ್ದರೆ ನಮ್ಮಿಂದ ಏನೂ ಮಾಡಲಾಗದು.

ಸಿಟ್ಟನ್ನು ಏನು ಮಾಡೋಣ?

ಸಿಟ್ಟು ಬರುವುದು ಸಹಜ. 2015ರ ಜನವರಿ 2ರಂದು ದಿವಾದಲ್ಲಿ ಆ ಸಿಟ್ಟು ಕಲ್ಲಾಗಿ ಹಾರಿತು. ಪ್ಯಾಂಟೋಗ್ರಾಫ್ ಕೆಟ್ಟು ಗಾಡಿಗಳು ನಿಂತಿದ್ದವು, ಜನ ಹಳಿಗಿಳಿದರು, ವಾಹನಗಳಿಗೆ ಬೆಂಕಿ ಬಿತ್ತು, ಮೋಟರ್‌ಮನ್‌ಗಳಿಗೆ ಪೆಟ್ಟಾಯಿತು. ಮೋಟರ್‌ಮನ್‌ಗಳೂ ಕೆಲಸ ನಿಲ್ಲಿಸಿದರು. ಕೊನೆಗೆ ಗಂಟೆಗಟ್ಟಲೆ ಸಿಕ್ಕಿಬಿದ್ದವರು ಯಾರು? ನಮ್ಮಂಥ ಪಾಸ್‌ಧಾರಿಗಳೇ. ಎದುರಿಗೆ ಸಿಗುವ ಮೋಟರ್‌ಮನ್‌ಗೂ ಟಿಕೆಟ್ ಕೊಡುವವರಿಗೂ ಹಳಿ ಹಾಕಿಸುವ ಅಧಿಕಾರವಿಲ್ಲ.

ಹಾಗೆಂದು ಸುಮ್ಮನಿರಬೇಕಾಗಿಲ್ಲ. ನೀವು ಓದಿದವರು, ಮರಾಠಿ, ಹಿಂದಿ, ಇಂಗ್ಲಿಷ್ ಮೂರನ್ನೂ ಸರಾಗ ಬರೆಯಬಲ್ಲವರು. ನಿಮ್ಮ ಗಾಡಿ ಒಂದು ತಿಂಗಳಲ್ಲಿ ಎಷ್ಟು ದಿನ ಎಷ್ಟು ನಿಮಿಷ ತಡವಾಯಿತು ಎಂದು ಬರೆದಿಡಿ. ತಾರೀಕು, ಹೊತ್ತು, ಸ್ಟೇಷನ್ ಇರಲಿ. 'ಯಾವಾಗಲೂ ಲೇಟ್' ಎಂಬ ದೂರನ್ನು ಯಾರೂ ಓದುವುದಿಲ್ಲ. '22 ದಿನಗಳಲ್ಲಿ 15 ದಿನ ತಡ' ಎಂಬ ಲೆಕ್ಕಕ್ಕೆ ಯಾರಾದರೂ ಉತ್ತರ ಕೊಡಲೇಬೇಕು. 139ಕ್ಕೆ ಫೋನ್ ಮಾಡಬಹುದು, ರೈಲ್ ಮದದ್‌ನಲ್ಲಿ ದೂರು ದಾಖಲಿಸಬಹುದು. ನಿಂತುಹೋದ ಯೋಜನೆಯ ಬಗ್ಗೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಪ್ರಶ್ನೆ ಕೇಳಬಹುದು. ರೈಲ್ವೆಯ ಸಲಹಾ ಸಮಿತಿಗಳಲ್ಲಿ ಪ್ರಯಾಣಿಕರ ಪ್ರತಿನಿಧಿಗಳಿಗೆ ಸ್ಥಾನವಿದೆ, ಪ್ರವಾಸಿ ಸಂಘಟನೆಗಳಿವೆ. ಆ ಸಭೆಗಳಲ್ಲಿ ಕೂದಲು ನರೆತವರೇ ತುಂಬಿರಬೇಕೆಂದು ಯಾರು ಹೇಳಿದರು?

ಇನ್ನೊಂದು ಮಾತು. ಕಚೇರಿಗಳ ಹೊತ್ತನ್ನು ಬೇರೆ ಬೇರೆ ಮಾಡಿ ಎಂದು ಮಧ್ಯ ರೈಲ್ವೆಯೇ ಇತ್ತೀಚಿನ ವರ್ಷಗಳಲ್ಲಿ ಕಚೇರಿಗಳಿಗೆ ಪತ್ರ ಬರೆದು ಕೇಳಿಕೊಂಡಿದೆ. ಎಲ್ಲರೂ ಒಂಬತ್ತೂವರೆಗೇ ಕುರ್ಚಿಯಲ್ಲಿರಬೇಕೆಂಬ ಹಟ ಯಾಕೆ? ನಮ್ಮ ಸಂಘದಲ್ಲೇ ಹೋಟೆಲು, ಕಾರ್ಖಾನೆ, ಆಫೀಸು ನಡೆಸುವ ಹಿರಿಯರು ಎಷ್ಟು ಮಂದಿ ಇಲ್ಲ! ತಮ್ಮಲ್ಲಿ ಕೆಲಸ ಮಾಡುವವರಿಗೆ ಅರ್ಧ ಗಂಟೆಯ ರಿಯಾಯಿತಿ ಕೊಡುವುದು ಅವರ ಕೈಯಲ್ಲಿದೆ. ಅದಕ್ಕೆ ಕೇಂದ್ರದ ಮಂಜೂರಾತಿ ಬೇಕಾಗಿಲ್ಲ, ಹದಿನಾಲ್ಕು ವರ್ಷ ಕಾಯಬೇಕಾಗಿಯೂ ಇಲ್ಲ. ಸಂಘದ ಮುಂದಿನ ಸಭೆಯಲ್ಲಿ ಯುವ ವಿಭಾಗದವರೇ ಎದ್ದುನಿಂತು ಇದನ್ನು ಕೇಳಬೇಕೆಂದು ನನ್ನ ಆಸೆ.

ಟೈಮ್‌ಟೇಬಲ್ ಎಂದರೆ ಗೋಡೆಗೆ ಅಂಟಿಸುವ ಕಾಗದವಲ್ಲ, ಕೊಟ್ಟ ಮಾತು. ಹೊಸ ಡಬ್ಬಿ ಬರಲಿ, ತಂಪು ಗಾಳಿ ಬೀಸಲಿ, ಇಂಡಿಕೇಟರ್ ಫಳಫಳ ಹೊಳೆಯಲಿ, ನಮಗೆ ಸಂತೋಷವೇ. ಆದರೆ ಸುಧಾರಣೆ ಆಯಿತು ಎಂದು ನಾವು ಒಪ್ಪುವುದು ಎಂಟು ಹದಿನಾಲ್ಕರ ಗಾಡಿ ಎಂಟು ಹದಿನಾಲ್ಕಕ್ಕೆ ಬಂದಾಗ, ಮತ್ತು ಅದರಲ್ಲಿ ಹತ್ತಿದ ಎಲ್ಲರೂ ಸಂಜೆ ಮನೆಗೆ ಮರಳಿದಾಗ. ಅಲ್ಲಿಯ ತನಕ ಲೆಕ್ಕ ಕೇಳುತ್ತಲೇ ಇರಿ, ಮಕ್ಕಳೇ. ಆದರೆ ಪ್ಲಾಟ್‌ಫಾರ್ಮಿನ ಮೇಲೆ ಎರಡೂ ಕಾಲು ಊರಿಕೊಂಡು ಕೇಳಿ.