ಹೂಲಿಯಲ್ಲಿ ಸೀಮೆ ಬದನೆ ನೆಡುವುದು ಯಾವಾಗ?

ಸೀಮೆ ಬದನೆ ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯ ಬಳ್ಳಿ. ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲದ ಕೊನೆಯ ಹಿಮ ಕಳೆದ ಮೇಲೆ ನೆಟ್ಟು, ಮುಂದಿನ ಹಿಮ ಬೀಳುವ ಮೊದಲು ಕೊಯ್ದು ಮುಗಿಸುತ್ತಾರೆ. ಸವದತ್ತಿ ತಾಲ್ಲೂಕಿನ ಹೂಲಿಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿಯ ಡಿಸೆಂಬರ್ ಚಳಿ ಬಳ್ಳಿಗೆ ಹಿತವೇ, ಅದನ್ನು ಕಾಡುವುದು ಬೇಸಿಗೆ. ಬಿಸಿಲು ಏರಿತೆಂದರೆ ಹೂವು, ಹೀಚು ಉದುರತೊಡಗುತ್ತವೆ. ಆದ್ದರಿಂದ ಮಾರ್ಚ್ ತಿಂಗಳನ್ನೇ ಗಡುವು ಮಾಡಿಕೊಂಡು ಹಿಂದಕ್ಕೆ ಎಣಿಸಬೇಕು.

ಇನ್ನೊಂದು ಗುಟ್ಟು ಹಗಲಿನ ಉದ್ದದಲ್ಲಿದೆ. ಹಗಲು ಸುಮಾರು ಹನ್ನೆರಡು ತಾಸಿಗೆ ಇಳಿದಾಗ ಈ ಬಳ್ಳಿ ಚೆನ್ನಾಗಿ ಹೂ ಬಿಡುತ್ತದೆ. ಜೂನ್‌ನಲ್ಲಿ ನಮ್ಮ ಹಗಲು ಹದಿಮೂರು ತಾಸಿನಷ್ಟಿದ್ದು, ಸೆಪ್ಟೆಂಬರ್ ಕೊನೆಗೆ ಹನ್ನೆರಡಕ್ಕೆ ಬರುತ್ತದೆ. ಅಷ್ಟರಲ್ಲಿ ಬಳ್ಳಿ ಚಪ್ಪರ ತುಂಬಿರಬೇಕು. ಹಾಗಾಗಬೇಕಾದರೆ ಜೂನ್ ತಿಂಗಳ ಮಿರಗದ (ಮೃಗಶಿರಾ) ಮಳೆಗೇ ನೆಡಬೇಕು. ದಸರೆಯ ಹೊತ್ತಿಗೆ ನೆಟ್ಟರೆ ಮೊಳದುದ್ದದ ಬಳ್ಳಿಯೇ ಹೂ ಬಿಟ್ಟೀತು, ಕಾಯಿ ಕೈಗೆ ಬರುವುದರೊಳಗೆ ಬೇಸಿಗೆ ಬಂದಿರುತ್ತದೆ.

ಇದರ ಬೀಜ ಬೇರೆಯಾಗಿ ಸಿಗುವುದಿಲ್ಲ. ಕಾಯಿಯೊಳಗೆ ಇರುವುದು ಒಂದೇ ಬೀಜ, ಅದು ಅಲ್ಲೇ ಮೊಳೆಯುತ್ತದೆ. ಮೇ ನಡುವೆ ಸಂತೆಯಿಂದ ಚೆನ್ನಾಗಿ ಬಲಿತ ಕಾಯಿ ತಂದು, ನೆರಳಲ್ಲಿ ಅಡ್ಡ ಮಲಗಿಸಿಡಿ. ಫ್ರಿಜ್‌ನಲ್ಲಿ ಇಟ್ಟಿದ್ದ ಕಾಯಿ ಬೇಡ. ದಪ್ಪ ತುದಿಯ ಸೀಳು ಬಾಯಿ ಬಿಟ್ಟು ಹಸಿರು ಮೊಳಕೆ ಇಣುಕುತ್ತದೆ. ಅದು ಗೇಣುದ್ದವಾದಾಗ ಇಡೀ ಕಾಯಿಯನ್ನೇ ಓರೆಯಾಗಿ ನೆಡಿ: ದಪ್ಪ ತುದಿ ಮಣ್ಣಿನೊಳಗೆ, ಸಣ್ಣ ತುದಿ ತುಸು ಮೇಲೆ. ಪೂರ್ತಿ ಹೂತರೆ ಕೊಳೆತೀತು. ಎರಿ ಮಣ್ಣಾದರಂತೂ ನೀರು ನಿಲ್ಲದಂತೆ ದಿಬ್ಬ ಮಾಡಿ, ತಿಪ್ಪೆಗೊಬ್ಬರ ಬೆರೆಸಿಯೇ ನೆಡಬೇಕು. ಬಳ್ಳಿಯಿಂದ ಬಳ್ಳಿಗೆ ಎಂಟು ಹತ್ತು ಅಡಿ ಅಂತರವಿರಲಿ. ಮಿರಗ ಕೈಕೊಟ್ಟರೆ ಕೊಡ ನೀರು ಹೊತ್ತು ಹಾಕಿ, ನೆಡುವುದನ್ನು ಮಾತ್ರ ಮುಂದೂಡಬೇಡಿ.

ಗಂಡು ಹೂ, ಹೆಣ್ಣು ಹೂ ಒಂದೇ ಬಳ್ಳಿಯಲ್ಲಿರುತ್ತವೆ, ಆದರೆ ಕಾಯಿ ಕಚ್ಚಲು ಜೇನ್ನೊಣ ಬೇಕು. ಹೂ ಬಿಟ್ಟಾಗ ಔಷಧ ಹೊಡೆಯಬೇಡಿ.

ಮಾರ್ಚ್ ಬಂತೆಂದರೆ ಬಳ್ಳಿ ಸೊರಗುತ್ತದೆ. ಕಿತ್ತು ಎಸೆಯಬೇಡಿ, ಬೇರು ಗೆಡ್ಡೆ ಕಟ್ಟಿಕೊಂಡು ಹಲವು ವರ್ಷ ಬದುಕಬಲ್ಲದು. ಬುಡದಿಂದ ಮೇಲೆ ಎರಡು ಮೂರು ಅಡಿ ಬಿಟ್ಟು ಕತ್ತರಿಸಿ, ಬುಡಕ್ಕೆ ಜೋಳದ ಕಣಿಕೆ ಮುಚ್ಚಿ, ಹಿತ್ತಲ ಬಚ್ಚಲ ನೀರು ಅತ್ತ ಹರಿಸಿದರೆ ಮಳೆಗಾಲಕ್ಕೆ ಮತ್ತೆ ಚಿಗುರುವ ಸಾಧ್ಯತೆ ಇದೆ.

ಮನೆಗೆ ಎರಡು ಬಳ್ಳಿ ಸಾಕು. ಮಾರಾಟಕ್ಕೆಂದು ಕಂಬ, ತಂತಿಗೆ ಸಾಲ ಮಾಡುವ ಬೆಳೆ ಇದಲ್ಲ, ಹೂಲಿಯ ಬೇಸಿಗೆ ಅದಕ್ಕೆ ಒಪ್ಪುವುದಿಲ್ಲ.