ಮಲೇರಿಯಾ ಮಾತ್ರೆ, ಲೂಪಸ್ ಆಯಸ್ಸು

1883ರಲ್ಲಿ ಬೆಂಗಳೂರು ದಂಡಿನಲ್ಲಿ ಸೇನಾ ವೈದ್ಯನಾಗಿದ್ದ ರೊನಾಲ್ಡ್ ರಾಸ್‌ಗೆ ಬಂಗಲೆಯಲ್ಲಿ ವಿಪರೀತ ಸೊಳ್ಳೆಕಾಟ. ಕಿಟಕಿಯಾಚೆಯ ಪೀಪಾಯಿಯಲ್ಲಿ ಮರಿಗಳು ಮಿಜಿಗುಡುತ್ತಿದ್ದವು. ನೀರು ಚೆಲ್ಲಿಸಿದ, ಕಾಟ ಇಳಿಯಿತು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಅವನು ಕಂಡದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ.

ಆ ಜ್ವರಕ್ಕೆಂದು ಹುಟ್ಟಿದ ಔಷಧಗಳ ವಂಶದ್ದೇ ಹೈಡ್ರಾಕ್ಸಿಕ್ಲೋರೊಕ್ವಿನ್. ಇಂದು ಶಿವಾಜಿನಗರದಲ್ಲೋ ಹಲಸೂರಿನಲ್ಲೋ ಚೀಟಿ ತೋರಿಸಿ ಅದನ್ನು ಕೊಳ್ಳುವವರಲ್ಲಿ ಲೂಪಸ್ ರೋಗಿಗಳೂ ಇರುತ್ತಾರೆ. ‘ನನಗೆಲ್ಲಿ ಮಲೇರಿಯಾ?’ ಎಂದು ಮಾತ್ರೆ ಬಿಟ್ಟುಬಿಡುವವರೂ ಉಂಟು. ದೊಡ್ಡ ಎಡವಟ್ಟು ಅದೇ.

ಲೂಪಸ್‌ನಲ್ಲಿ ರೋಗನಿರೋಧಕ ಶಕ್ತಿ ಸ್ವಂತ ದೇಹದ ಮೇಲೆಯೇ ತಿರುಗಿಬೀಳುತ್ತದೆ. ಹತ್ತರಲ್ಲಿ ಒಂಬತ್ತು ರೋಗಿಗಳು ಹೆಂಗಸರು. ಕೆನ್ನೆಯ ಕೆಂಪು, ಕೀಲುನೋವು ಗೊತ್ತಾಗುತ್ತವೆ. ಕಿಡ್ನಿ ಮಾತ್ರ ಸದ್ದಿಲ್ಲದೆ ಕೆಡುತ್ತದೆ. ಮೂತ್ರದಲ್ಲಿ ನೊರೆ ಕಾಣುವ ಮುಂಚೆಯೇ ಪ್ರೋಟೀನ್ ಸೋರಿಕೆಯನ್ನು ಲ್ಯಾಬ್ ಪರೀಕ್ಷೆ ಹಿಡಿದುಕೊಡುತ್ತದೆ. ಇನ್ನು ಬಿಸಿಲು: ಕೆ.ಆರ್. ಪುರದ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಗೆ ಕಾದದ್ದೇ ಕೆಲವರಿಗೆ ರೋಗ ಕೆರಳಲು ಸಾಕು.

1955ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವೈದ್ಯರು ಲೆಕ್ಕ ಹಾಕಿದಾಗ, ರೋಗ ಪತ್ತೆಯಾದ ನಾಲ್ಕು ವರ್ಷಕ್ಕೆ ಉಳಿದಿದ್ದವರು ಹೆಚ್ಚುಕಡಿಮೆ ಅರ್ಧ. ಅದೇ ವರ್ಷ ಈ ಮಾತ್ರೆಗೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಈಗ ಒಳ್ಳೆಯ ಚಿಕಿತ್ಸೆ ಸಿಗುವ ಕಡೆ ಹತ್ತು ವರ್ಷ ದಾಟುವವರು ನೂರಕ್ಕೆ ಸುಮಾರು 90. ಸ್ಟಿರಾಯ್ಡ್, ಡಯಾಲಿಸಿಸ್, ಮೈಕೋಫೀನೊಲೇಟ್‌ನಂಥ ಔಷಧ, ಎಲ್ಲಕ್ಕೂ ಇದರಲ್ಲಿ ಪಾಲಿದೆ. ಆದರೆ ರೋಗ ಮರುಕಳಿಸುವುದನ್ನು ದಿನದಿನವೂ ತಡೆಯುವ, ಬಸುರಿಯರೂ ಬಿಡಬೇಕಿಲ್ಲದ ಈ ಅಗ್ಗದ ಮಾತ್ರೆಯ ಪಾಲು ಸಣ್ಣದಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ಇದೇ ಮದ್ದೆಂಬ ಸುದ್ದಿ ಹಬ್ಬಿ, ದೇಶವೆಲ್ಲ ಮುಗಿಬಿದ್ದು ಕೊಂಡಾಗ ನಿಜವಾಗಿ ಬೇಕಾದವರೇ ಅಂಗಡಿಯಿಂದ ಅಂಗಡಿಗೆ ಅಲೆಯಬೇಕಾಯಿತು.

ಆಯಸ್ಸು ಬೆಳೆದಂತೆ ಅಪಾಯದ ಮುಖವೂ ಬದಲಾಯಿತು. ಟೊರೊಂಟೊದ ಮರ್ರೆ ಯುರೊವಿಟ್ಜ್ ತಂಡ 1976ರಲ್ಲೇ ಇದನ್ನು ಗುರುತಿಸಿತ್ತು: ಮೊದಲ ವರ್ಷಗಳ ಸಾವಿಗೆ ಲೂಪಸ್ಸಿನ ಉಲ್ಬಣ ಮತ್ತು ಸೋಂಕು ಕಾರಣವಾದರೆ, ಅದನ್ನು ದಾಟಿದವರನ್ನು ಹಿಡಿಯುವುದು ಹೃದಯಾಘಾತ. ನಲವತ್ತರ ಹೆಂಗಸಿಗೆ ಎದೆನೋವೆಂದರೆ ನಮ್ಮಲ್ಲಿ ‘ಗ್ಯಾಸ್’ ಎಂದೇ ತೀರ್ಮಾನ. ಲೂಪಸ್ ಇದ್ದವರ ವಿಷಯದಲ್ಲಿ ಹಾಗೆನ್ನಬಾರದು. ನಮ್ಮ ದೇಶದಲ್ಲಿ ಸೋಂಕಿನ ಭಯವಂತೂ ಹೋಗಿಲ್ಲ, ಅದರಲ್ಲೂ ಕ್ಷಯದ್ದು. ಸ್ಟಿರಾಯ್ಡ್ ಹೆಚ್ಚಿದಷ್ಟೂ ಅದು ಹತ್ತಿರ. ಹೀಗಾಗಿ ರೋಗ ಹತೋಟಿಗೆ ಬಂದಮೇಲೆ ವೈದ್ಯರು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡನ್ನು ದಿನಕ್ಕೆ 5 ಮಿ.ಗ್ರಾಂಗೆ, ಸಾಧ್ಯವಾದರೆ ಅದಕ್ಕೂ ಕೆಳಗೆ ಇಳಿಸುತ್ತಾರೆ. ರೋಗಿಯೇ ಒಮ್ಮೆಲೇ ನಿಲ್ಲಿಸಿಬಿಟ್ಟರೆ ಪ್ರಾಣಕ್ಕೆ ಬರಬಹುದು.

ಹೈಡ್ರಾಕ್ಸಿಕ್ಲೋರೊಕ್ವಿನ್‌ಗೂ ಒಂದು ಲೆಕ್ಕವಿದೆ. ತೂಕದ ಕಿಲೋಗೆ 5 ಮಿ.ಗ್ರಾಂ. ಮಿತಿ, 50 ಕಿಲೋ ತೂಗುವವರಿಗೆ ದಿನಕ್ಕೆ 250. ವರ್ಷಗಟ್ಟಲೆ ನುಂಗಿದರೆ ಅಪರೂಪಕ್ಕೆ ಅಕ್ಷಿಪಟಲ ಕೆಡಬಹುದು. ಅದಕ್ಕೇ ಐದು ವರ್ಷ ಕಳೆದಮೇಲೆ ವರ್ಷಕ್ಕೊಮ್ಮೆ ಕಣ್ಣಿನ ಸ್ಕ್ಯಾನ್. ಕಿಡ್ನಿ ದುರ್ಬಲವಿದ್ದವರಿಗೆ ಇನ್ನೂ ಬೇಗ.